ಸ್ನಾತಕೋತ್ತರ ಪದವಿ ಪ್ರವೇಶಕ್ಕೆ ಅರ್ಜಿ: ಸಿದ್ಧತೆ, ಸಲ್ಲಿಕೆ ಮತ್ತು ನಂತರದ ಕ್ರಮಗಳು

(ಕಾಪು ತಾಲ್ಲೂಕಿನ ಎಲ್ಲೂರು ಹಾಗೂ ಉಡುಪಿ ಜಿಲ್ಲೆಯ ಇತರ ಗ್ರಾಮಗಳ ಅಭ್ಯರ್ಥಿಗಳು ಮತ್ತು ಪೋಷಕರ ಮಾಹಿತಿಗಾಗಿ)

1. ಪೀಠಿಕೆ

ಬಿ.ಎ., ಬಿ.ಕಾಂ., ಬಿ.ಎಸ್ಸಿ., ಬಿ.ಸಿ.ಎ., ಬಿ.ಬಿ.ಎ. ಮುಂತಾದ ಪದವಿಗಳನ್ನು ಪಡೆದ ಅಭ್ಯರ್ಥಿಗಳು ಎಂ.ಎ., ಎಂ.ಕಾಂ., ಎಂ.ಎಸ್ಸಿ., ಎಂ.ಬಿ.ಎ., ಎಂ.ಸಿ.ಎ. ಮೊದಲಾದ ಸ್ನಾತಕೋತ್ತರ ಪದವಿಗಳಿಗೆ ಅರ್ಜಿ ಸಲ್ಲಿಸುವ ಬಗೆಯನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಕರಾವಳಿಯ ವಿದ್ಯಾರ್ಥಿಗಳು ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಮೈಸೂರು, ಧಾರವಾಡ ಅಥವಾ ಮದರಾಸಿಗೆ ಹೋಗಬೇಕಾಗಿದ್ದ ಕಾಲವೊಂದಿತ್ತು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಕೊಣಾಜೆಯಲ್ಲಿ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ಅದೇ ಕೇಂದ್ರವು 1980ರ ಸೆಪ್ಟೆಂಬರ್ 10ರಂದು ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಇಂದು ಜಿಲ್ಲೆಯೊಳಗಿನ ಕೆಲವು ಕಾಲೇಜುಗಳಲ್ಲಿಯೇ ಸ್ನಾತಕೋತ್ತರ ವಿಭಾಗಗಳಿವೆ. ದೂರದ ತೊಡಕು ಬಹುಮಟ್ಟಿಗೆ ನೀಗಿದೆ. ಆದರೆ ದಾಖಲೆಗಳ ತೊಡಕು ಹಾಗೆಯೇ ಉಳಿದಿದೆ. ಅಂಕಗಳು ಸಾಕಷ್ಟಿದ್ದರೂ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾದುದರಿಂದ, ಪ್ರಮಾಣಪತ್ರದ ಅವಧಿ ಮುಗಿದುದರಿಂದ ಅಥವಾ ಪ್ರಕಟಣೆಯನ್ನು ತಡವಾಗಿ ನೋಡಿದುದರಿಂದ ಅಭ್ಯರ್ಥಿಯು ಒಂದು ಇಡೀ ವರ್ಷವನ್ನು ಕಳೆದುಕೊಳ್ಳುವ ಸಂಭವವಿರುತ್ತದೆ. ಮನೆಯಲ್ಲಿ ಹಣದ ಅನುಕೂಲ ಕಡಿಮೆ ಇರುವವರಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಹೀಗೆ ಕಳೆದ ಒಂದು ವರ್ಷ ಮರಳಿ ಸಿಗದೆ ಹೋಗಬಹುದು.

ಆದುದರಿಂದ ಈ ಮಾಹಿತಿಯ ಮುಖ್ಯಾಂಶ ಇಷ್ಟು: ಅರ್ಜಿಯ ಕೆಲಸವು ಅಧಿಸೂಚನೆ ಹೊರಬಿದ್ದ ದಿನ ಆರಂಭವಾಗುವುದಲ್ಲ. ಅದು ಅಂತಿಮ ವರ್ಷದ ತರಗತಿಗಳು ಆರಂಭವಾದಾಗಲೇ ಆರಂಭವಾಗತಕ್ಕದ್ದು.

ವಿವರಣೆಯ ಅನುಕೂಲಕ್ಕಾಗಿ ಎಲ್ಲೂರಿನ ಓರ್ವ ವಿದ್ಯಾರ್ಥಿನಿಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಲಾಗಿದೆ. ಆಕೆ ಅಂತಿಮ ಬಿ.ಕಾಂ. ವಿದ್ಯಾರ್ಥಿನಿ. ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ತಂದೆ ಮುಂಬೈಯ ಹೋಟೆಲೊಂದರಲ್ಲಿ ಕೆಲಸದಲ್ಲಿದ್ದಾರೆ. ಕುಟುಂಬದಲ್ಲಿ ಪದವಿ ಮುಗಿಸುತ್ತಿರುವವರಲ್ಲಿ ಆಕೆಯೇ ಮೊದಲಿಗಳು. ಮುಂದಿನ ಕಂಡಿಕೆಗಳಲ್ಲಿ ಆಯಾ ಹಂತದಲ್ಲಿ ಆಕೆಗೆ ಎದುರಾಗುವ ಪ್ರಶ್ನೆಗಳನ್ನೂ ತಿಳಿಸಲಾಗಿದೆ.

2. ಅರ್ಜಿ ಸಲ್ಲಿಸಬಹುದಾದ ಮಾರ್ಗಗಳು

ಎಲ್ಲ ಸ್ನಾತಕೋತ್ತರ ಕೋರ್ಸುಗಳಿಗೆ ಒಂದೇ ಅರ್ಜಿ ಇರುವುದಿಲ್ಲ. ಮುಖ್ಯವಾದ ಮಾರ್ಗಗಳು ಈ ಕೆಳಕಂಡಂತಿವೆ:

(ಅ) ವಿಶ್ವವಿದ್ಯಾನಿಲಯದ ಪ್ರವೇಶಾತಿ: ಮಂಗಳೂರು ವಿಶ್ವವಿದ್ಯಾನಿಲಯ ಹಾಗೂ ಅದರ ಸಂಯೋಜಿತ ಕಾಲೇಜುಗಳ ಎಂ.ಎ., ಎಂ.ಕಾಂ., ಎಂ.ಎಸ್ಸಿ. ಕೋರ್ಸುಗಳಿಗೆ ಬಹುತೇಕ ಪದವಿಯ ಅಂಕಗಳ ಆಧಾರದ ಮೇಲೆ, ಮೀಸಲಾತಿ ನಿಯಮಗಳಿಗೆ ಒಳಪಟ್ಟು ಪ್ರವೇಶ ನೀಡಲಾಗುತ್ತದೆ. ಉಡುಪಿಯ ಅಜ್ಜರಕಾಡಿನಲ್ಲಿರುವ ಡಾ. ಜಿ. ಶಂಕರ್ ಸರ್ಕಾರಿ ಮಹಿಳಾ ಪ್ರಥಮ ದರ್ಜೆ ಕಾಲೇಜು ಸ್ನಾತಕೋತ್ತರ ಅಧ್ಯಯನ ಕೇಂದ್ರವನ್ನೂ ಹೊಂದಿದ್ದು, ಮನೆಯಿಂದಲೇ ಹೋಗಿಬರಬೇಕಾದ ವಿದ್ಯಾರ್ಥಿನಿಯರು ಅದನ್ನು ಪರಿಶೀಲಿಸಬಹುದು.

(ಆ) ಪಿಜಿಸಿಇಟಿ: ರಾಜ್ಯದ ಎಂ.ಬಿ.ಎ., ಎಂ.ಸಿ.ಎ., ಎಂ.ಟೆಕ್. ಮುಂತಾದ ಕೋರ್ಸುಗಳ ಸರ್ಕಾರಿ ಕೋಟಾದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಈ ಪ್ರವೇಶ ಪರೀಕ್ಷೆಯನ್ನು ನಡೆಸುತ್ತದೆ. ಎಂ.ಬಿ.ಎ. ಪ್ರವೇಶಕ್ಕೆ ಪದವಿಯಲ್ಲಿ ಒಟ್ಟಾರೆ ಶೇ. 50 ಅಂಕಗಳು ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಪ್ರವರ್ಗ-1ರ ಅಭ್ಯರ್ಥಿಗಳಿಗೆ ಶೇ. 45 ಸಾಕಾಗುತ್ತದೆ.

(ಇ) ಸಿಯುಇಟಿ-ಪಿಜಿ: ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗಾಗಿ 2022ರಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು ನಡೆಸುತ್ತಿರುವ ಪರೀಕ್ಷೆ. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ, 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯವೂ ಇದರ ವ್ಯಾಪ್ತಿಗೆ ಬರುತ್ತದೆ.

(ಈ) ರಾಷ್ಟ್ರೀಯ ಮಹತ್ವದ ಸಂಸ್ಥೆಗಳು: ವಿಜ್ಞಾನ ಪದವೀಧರರು ಐಐಟಿಗಳ ಎಂ.ಎಸ್ಸಿ.ಗೆ ಜಾಮ್ ಪರೀಕ್ಷೆಯನ್ನೂ, ಎಂಜಿನಿಯರಿಂಗ್ ಪದವೀಧರರು ಎಂ.ಟೆಕ್.ಗೆ ಗೇಟ್ ಪರೀಕ್ಷೆಯನ್ನೂ ಬರೆಯತಕ್ಕದ್ದು. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಎಂ.ಸಿ.ಎ.ಗೆ ನಿಮ್‌ಸೆಟ್ ಪರೀಕ್ಷೆಯ ಮೂಲಕ ಪ್ರವೇಶ ದೊರೆಯುತ್ತದೆ.

(ಉ) ಪರಿಗಣಿತ ವಿಶ್ವವಿದ್ಯಾನಿಲಯಗಳು: 1993ರಲ್ಲಿ ಈ ಮಾನ್ಯತೆ ಪಡೆದ ಮಣಿಪಾಲ ಉನ್ನತ ಶಿಕ್ಷಣ ಅಕಾಡೆಮಿಯಂತಹ ಸಂಸ್ಥೆಗಳು ತಮ್ಮದೇ ಅರ್ಜಿ, ಶುಲ್ಕ ಹಾಗೂ ಆಯ್ಕೆ ವಿಧಾನವನ್ನು ಹೊಂದಿರುತ್ತವೆ. ಮನೆಗೆ ಹತ್ತಿರವಿದೆ ಎಂಬುದರಿಂದ ಶುಲ್ಕವೂ ಕಡಿಮೆ ಇರುತ್ತದೆ ಎಂದು ಭಾವಿಸತಕ್ಕದ್ದಲ್ಲ. ಅರ್ಜಿ ಸಲ್ಲಿಸುವ ಮುನ್ನ ಪೂರ್ಣ ಅವಧಿಯ ಶುಲ್ಕವನ್ನು ಲೆಕ್ಕ ಹಾಕಿ ನೋಡುವುದು ಒಳಿತು.

ಯಾವುದೇ ಸಂಸ್ಥೆಗೆ ಹಣ ಪಾವತಿಸುವ ಮೊದಲು ಅದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದಿಂದ (ಯುಜಿಸಿ) ಮಾನ್ಯತೆ ಪಡೆದಿದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಆಯೋಗವೇ ಪ್ರಕಟಿಸುತ್ತದೆ.

3. ಕಾಲಕ್ರಮ: ಫಲಿತಾಂಶಕ್ಕಾಗಿ ಕಾಯಬಾರದು

ಪದವಿಯ ಫಲಿತಾಂಶ ಬಂದ ನಂತರ ಅರ್ಜಿಯ ಬಗ್ಗೆ ಯೋಚಿಸಿದರಾಯಿತು ಎಂಬ ಭಾವನೆ ಹಲವರಲ್ಲಿದೆ. ವಿಶ್ವವಿದ್ಯಾನಿಲಯದ ಪ್ರವೇಶಾತಿಗೆ ಇದು ಸ್ವಲ್ಪಮಟ್ಟಿಗೆ ಸರಿಹೋಗಬಹುದು. ಉಳಿದ ಮಾರ್ಗಗಳಿಗೆ ಸರಿಹೋಗುವುದಿಲ್ಲ. ಸಾಮಾನ್ಯ ಕ್ರಮ ಹೀಗಿದೆ:

- ಗೇಟ್ ಮತ್ತು ಜಾಮ್: ಅರ್ಜಿ ಹಿಂದಿನ ವರ್ಷದ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಅವಧಿಯಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ.
- ಸಿಯುಇಟಿ-ಪಿಜಿ: ಇತ್ತೀಚಿನ ವರ್ಷಗಳಲ್ಲಿ ಅರ್ಜಿ ಡಿಸೆಂಬರ್-ಜನವರಿಯ ಸುಮಾರಿಗೆ, ಪರೀಕ್ಷೆ ಮಾರ್ಚ್‌ನಲ್ಲಿ.
- ಪಿಜಿಸಿಇಟಿ: ಬೇಸಿಗೆಯ ತಿಂಗಳುಗಳಿಂದ ಮಳೆಗಾಲದವರೆಗೆ.
- ವಿಶ್ವವಿದ್ಯಾನಿಲಯದ ಪ್ರವೇಶಾತಿ: ಪದವಿ ಪರೀಕ್ಷೆಗಳ ಮತ್ತು ಫಲಿತಾಂಶದ ಆಸುಪಾಸಿನಲ್ಲಿ.

ದಿನಾಂಕಗಳು ಪ್ರತಿ ವರ್ಷ ಬದಲಾಗುತ್ತವೆ. ಆಯಾ ವರ್ಷದ ಅಧಿಸೂಚನೆಯನ್ನೇ ನೋಡತಕ್ಕದ್ದು. ಅಂತಿಮ ವರ್ಷದಲ್ಲಿ ಓದುತ್ತಿರುವವರಿಗೂ ಈ ಪರೀಕ್ಷೆಗಳಿಗೆ ಅರ್ಜಿ ಸಲ್ಲಿಸಲು ಸಾಮಾನ್ಯವಾಗಿ ಅವಕಾಶವಿದ್ದು, ಪ್ರವೇಶದ ವೇಳೆಗೆ ಫಲಿತಾಂಶವನ್ನು ಒದಗಿಸಿದರೆ ಸಾಕಾಗುತ್ತದೆ. ಉದಾಹರಣೆಯ ವಿದ್ಯಾರ್ಥಿನಿಯು ಆರನೆಯ ಸೆಮಿಸ್ಟರ್‌ನ ಫಲಿತಾಂಶಕ್ಕಾಗಿ ಕಾದಲ್ಲಿ, ಕೇಂದ್ರೀಯ ವಿಶ್ವವಿದ್ಯಾನಿಲಯದ ಬಾಗಿಲು ಆಕೆ ತಟ್ಟುವ ಮೊದಲೇ ಮುಚ್ಚಿರುತ್ತದೆ.

4. ಹೆಸರು ಮತ್ತು ಊರು: ದಾಖಲೆಗಳ ಹೊಂದಾಣಿಕೆ

ಅರ್ಜಿಗಳಲ್ಲಿ ಅತಿ ಹೆಚ್ಚು ಎಚ್ಚರ ವಹಿಸಬೇಕಾದ ಅಂಶ ಇದು. ಆನ್‌ಲೈನ್ ವ್ಯವಸ್ಥೆಯಲ್ಲಿ ಗಣಕವು ಅಕ್ಷರಗಳನ್ನು ಹೋಲಿಸಿ ನೋಡುತ್ತದೆ. ಇಬ್ಬರೂ ಒಬ್ಬರೇ ಎಂದು ಊರವರಿಗೆ ಗೊತ್ತಿರುವ ಸಂಗತಿ ಅದಕ್ಕೆ ಗೊತ್ತಾಗುವುದಿಲ್ಲ.

(ಅ) ಅಭ್ಯರ್ಥಿಯ ಹೆಸರು: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹೆಸರು ಮತ್ತು ಜನ್ಮ ದಿನಾಂಕಗಳನ್ನೇ ಎಲ್ಲ ಅರ್ಜಿಗಳಲ್ಲಿ ಆಧಾರವಾಗಿ ಇಟ್ಟುಕೊಳ್ಳುವುದು ವಾಡಿಕೆ. ಕರಾವಳಿಯ ಕುಟುಂಬಗಳಲ್ಲಿ ಶಾಲಾ ದಾಖಲೆಯಲ್ಲಿ ಇನಿಷಿಯಲ್ ಮಾತ್ರ ಇದ್ದು, ಆಧಾರ್‌ನಲ್ಲಿ ಕುಲನಾಮ ಅಥವಾ ತಂದೆಯ ಪೂರ್ಣ ಹೆಸರು ಸೇರಿರುವುದು ಸಾಮಾನ್ಯ. ಹೀಗಿದ್ದಲ್ಲಿ ಆಧಾರ್‌ನಲ್ಲಿರುವ ಹೆಸರನ್ನು ಅಂಕಪಟ್ಟಿಗೆ ಅನುಗುಣವಾಗಿ ತಿದ್ದಿಸಿಕೊಳ್ಳುವುದು ಸುಲಭದ ಮಾರ್ಗ. ಆದರೆ ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ 2 ಬಾರಿ, ಜನ್ಮ ದಿನಾಂಕವನ್ನು 1 ಬಾರಿ ಮಾತ್ರ ತಿದ್ದಿಸಲು ಅವಕಾಶವಿದೆ. ಆದುದರಿಂದ ತಿದ್ದುಪಡಿಗೆ ಹೋಗುವಾಗ ಅಂಕಪಟ್ಟಿಯನ್ನು ಎದುರಿಗೆ ಇಟ್ಟುಕೊಂಡು, ಚುಕ್ಕಿ ಹಾಗೂ ಅಕ್ಷರಗಳ ನಡುವಣ ಅಂತರವನ್ನೂ ಸೇರಿಸಿ ಪರಿಶೀಲಿಸತಕ್ಕದ್ದು. ದೋಷವು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿಯೇ ಇದ್ದರೆ, ಓದಿದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಮನವಿ ಸಲ್ಲಿಸಬೇಕಾಗುತ್ತದೆ. ಇದಕ್ಕೆ ತಿಂಗಳುಗಳೇ ಹಿಡಿಯಬಹುದಾದುದರಿಂದ ಮೊದಲೇ ಆರಂಭಿಸತಕ್ಕದ್ದು.

(ಆ) ತಂದೆ-ತಾಯಿಯ ಹೆಸರು: ಅಳಿಯಸಂತಾನ ಪದ್ಧತಿಯ ಹಿನ್ನೆಲೆಯುಳ್ಳ ಮನೆತನಗಳಲ್ಲಿ ಮಕ್ಕಳ ಕುಲನಾಮ ತಾಯಿಯ ಕಡೆಯಿಂದ ಬಂದಿದ್ದು, ತಂದೆಯ ಕುಲನಾಮ ಬೇರೆಯಾಗಿರುವುದುಂಟು. ಇದು ದೋಷವಲ್ಲ. ಆದರೆ ತಂದೆಯ ಹೆಸರು ಒಂದು ದಾಖಲೆಯಲ್ಲಿ ಕುಲನಾಮ ಸಹಿತ, ಇನ್ನೊಂದರಲ್ಲಿ ಕುಲನಾಮ ರಹಿತವಾಗಿದ್ದರೆ ಪರಿಶೀಲನಾಧಿಕಾರಿಗೆ ಸಂದೇಹ ಬರುವುದು ಸಹಜ. ಅಂತಹ ಸಂದರ್ಭದಲ್ಲಿ ಎರಡೂ ಹೆಸರುಗಳು ಒಬ್ಬರದೇ ಎಂಬ ಬಗ್ಗೆ ನೋಟರಿಯವರ ಮುಂದೆ ಮಾಡಿದ ಪ್ರಮಾಣಪತ್ರವನ್ನು ಸಿದ್ಧವಾಗಿಟ್ಟುಕೊಳ್ಳಬಹುದು. ಅದನ್ನು ಒಪ್ಪುವುದು ಆಯಾ ಸಂಸ್ಥೆಯ ವಿವೇಚನೆಗೆ ಬಿಟ್ಟದ್ದು.

(ಇ) ಊರು, ತಾಲ್ಲೂಕು, ಜಿಲ್ಲೆ: ಉಡುಪಿ ಜಿಲ್ಲೆಯು 1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ರಚನೆಯಾಯಿತು. ಕಾಪು ತಾಲ್ಲೂಕು 2018ರಲ್ಲಿ ಅಸ್ತಿತ್ವಕ್ಕೆ ಬಂದಿತು. ಇದರಿಂದಾಗಿ ಎಲ್ಲೂರಿನ ಒಂದೇ ಮನೆಯಲ್ಲಿ ತಂದೆಯ ಶಾಲಾ ವರ್ಗಾವಣೆ ಪತ್ರದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಉಡುಪಿ ತಾಲ್ಲೂಕು ಎಂದೂ, ಮಗಳ ಪ್ರಾಥಮಿಕ ಶಾಲೆಯ ದಾಖಲೆಯಲ್ಲಿ ಉಡುಪಿ ಜಿಲ್ಲೆ ಉಡುಪಿ ತಾಲ್ಲೂಕು ಎಂದೂ, ಇತ್ತೀಚಿನ ಆದಾಯ ಪ್ರಮಾಣಪತ್ರದಲ್ಲಿ ಕಾಪು ತಾಲ್ಲೂಕು ಎಂದೂ ಇರಬಹುದು. ಮೂರೂ ಆಯಾ ಕಾಲಕ್ಕೆ ಸರಿಯಾದುವೇ. ಹಳೆಯದನ್ನು ತಿದ್ದಿಸುವ ಅಗತ್ಯವಿಲ್ಲ. ಅರ್ಜಿಯಲ್ಲಿ ಮಾತ್ರ ಈಗಿನ ತಾಲ್ಲೂಕನ್ನು ನಮೂದಿಸತಕ್ಕದ್ದು.

ಊರಿನ ಹೆಸರನ್ನು ಇಂಗ್ಲಿಷ್‌ನಲ್ಲಿ ಕೆಲವರು 'ಇ' ಅಕ್ಷರದಿಂದ, ಕೆಲವರು 'ವೈ' ಅಕ್ಷರದಿಂದ ಆರಂಭಿಸಿ ಬರೆಯುತ್ತಾರೆ. ಕಾಪುವಿನ ಹೆಸರಿಗೂ ಎರಡು ಕಾಗುಣಿತಗಳಿವೆ. ಬೆಳಗಾವಿ ತಾಲ್ಲೂಕಿನಲ್ಲಿಯೂ ಇದೇ ಬಗೆಯ ಹೆಸರಿನ ಯಳ್ಳೂರು ಎಂಬ ಗ್ರಾಮವಿರುವುದರಿಂದ, ಪಟ್ಟಿಯಿಂದ ಗ್ರಾಮವನ್ನು ಆರಿಸುವಾಗ ಮೊದಲು ಜಿಲ್ಲೆ, ನಂತರ ತಾಲ್ಲೂಕನ್ನು ಸರಿಯಾಗಿ ಗುರುತಿಸಿರುವುದನ್ನು ನೋಡಿಕೊಳ್ಳತಕ್ಕದ್ದು.

5. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು

ಮೀಸಲಾತಿ, ಶುಲ್ಕ ವಿನಾಯಿತಿ ಹಾಗೂ ವಿದ್ಯಾರ್ಥಿವೇತನಗಳಿಗೆ ಈ ಪ್ರಮಾಣಪತ್ರಗಳೇ ಆಧಾರ. ಎಲ್ಲೂರಿನ ನಾಗರಿಕರು ಕಾಪು ಹೋಬಳಿಯ ನಾಡಕಚೇರಿಯಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ ಅಥವಾ ನಾಡಕಚೇರಿ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ಗ್ರಾಮ ಆಡಳಿತ ಅಧಿಕಾರಿ ಹಾಗೂ ಕಂದಾಯ ನಿರೀಕ್ಷಕರ ವರದಿಯ ನಂತರ ಪ್ರಮಾಣಪತ್ರ ದೊರೆಯುತ್ತದೆ.

ಗಮನಿಸಬೇಕಾದ ಅಂಶಗಳು:

- ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ನಮೂನೆ-ಡಿ, ಪ್ರವರ್ಗ-1ರವರು ನಮೂನೆ-ಇ, 2ಎ, 2ಬಿ, 3ಎ, 3ಬಿ ಪ್ರವರ್ಗಗಳವರು ನಮೂನೆ-ಎಫ್‌ನಲ್ಲಿ ಪ್ರಮಾಣಪತ್ರ ಹೊಂದಿರತಕ್ಕದ್ದು. ಪ್ರಮಾಣಪತ್ರದ ಮೇಲೆ 'ಆರ್‌ಡಿ' ಎಂದು ಆರಂಭವಾಗುವ ಸಂಖ್ಯೆಯನ್ನೇ ಅರ್ಜಿಯಲ್ಲಿ ನಮೂದಿಸಬೇಕಾಗುತ್ತದೆ.
- ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಪ್ರವರ್ಗ-1ರ ಜಾತಿ ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲ. ಉಳಿದ ಹಿಂದುಳಿದ ಪ್ರವರ್ಗಗಳ ಜಾತಿ ಮತ್ತು ಆದಾಯ ಪ್ರಮಾಣಪತ್ರವು 5 ವರ್ಷಗಳವರೆಗೆ ಮಾತ್ರ ಊರ್ಜಿತವಾಗಿರುತ್ತದೆ. ಪಿಯುಸಿ ಸೇರುವಾಗ ಮಾಡಿಸಿದ ಪ್ರಮಾಣಪತ್ರದ ಅವಧಿಯು ಸ್ನಾತಕೋತ್ತರ ಪ್ರವೇಶದ ವೇಳೆಗೆ ಮುಗಿದಿರುತ್ತದೆ ಎಂಬುದನ್ನು ಮರೆಯಬಾರದು.
- ಆದಾಯವೆಂದರೆ ಕುಟುಂಬದ ಒಟ್ಟು ಆದಾಯ. ಉದಾಹರಣೆಯ ಮನೆಯಲ್ಲಿ ತಾಯಿಯ ಬೀಡಿಯ ಮಜೂರಿಯೊಂದಿಗೆ ಮುಂಬೈಯಲ್ಲಿರುವ ತಂದೆಯ ಸಂಬಳವನ್ನೂ ತೋರಿಸತಕ್ಕದ್ದು. ಮುಚ್ಚಿಟ್ಟ ಆದಾಯವು ಮುಂದೆ ಪತ್ತೆಯಾದಲ್ಲಿ ಸೀಟಿಗೂ ವಿದ್ಯಾರ್ಥಿವೇತನಕ್ಕೂ ಸಂಚಕಾರ ಬರುತ್ತದೆ.
- ಜಾತಿಯು ಜನನದಿಂದ ಬರುವುದಾಗಿದ್ದು, ವಿವಾಹಿತ ಮಹಿಳೆಯರು ತವರಿನ ದಾಖಲೆಗಳ ಆಧಾರದ ಮೇಲೆಯೇ ಜಾತಿ ಪ್ರಮಾಣಪತ್ರ ಪಡೆಯತಕ್ಕದ್ದು.
- ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ರಾಜ್ಯದ ನಮೂನೆ ನಡೆಯುವುದಿಲ್ಲ. ಅಲ್ಲಿ ಕೇಂದ್ರದ ಇತರೆ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಜಾತಿಯ ಹೆಸರು ಇದೆಯೇ ಎಂದು ನೋಡಿ, ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನು ಕೇಂದ್ರದ ನಮೂನೆಯಲ್ಲಿಯೇ ಪಡೆಯಬೇಕು. ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣಪತ್ರಕ್ಕೂ ಬೇರೆ ನಮೂನೆ ಇದೆ. ಈ ಎರಡೂ ಆಯಾ ಆರ್ಥಿಕ ವರ್ಷದಲ್ಲಿ ಪಡೆದವುಗಳಾಗಿರಬೇಕೆಂದು ಸಂಸ್ಥೆಗಳು ಸಾಮಾನ್ಯವಾಗಿ ಕೇಳುತ್ತವೆ.

ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆಯತಕ್ಕದ್ದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರಂತೆ ಸೇವೆಗೆ ಕಾಲಮಿತಿ ನಿಗದಿಯಾಗಿದೆ. ಅದು ಮೀರಿದಲ್ಲಿ ಸ್ವೀಕೃತಿ ಸಂಖ್ಯೆಯೊಂದಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂ.ಗಳಂತೆ ಗರಿಷ್ಠ 500 ರೂ.ಗಳವರೆಗೆ ಪರಿಹಾರ ವೆಚ್ಚವನ್ನು ಪಡೆಯಲು ನಾಗರಿಕರು ಹಕ್ಕುಳ್ಳವರಾಗಿರುತ್ತಾರೆ.

6. ವ್ಯಾಸಂಗಕ್ಕೆ ಸಂಬಂಧಿಸಿದ ದಾಖಲೆಗಳು

(1) ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿಗಳು
(2) ಪದವಿಯ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿಗಳು
(3) ತಾತ್ಕಾಲಿಕ ಪದವಿ ಪ್ರಮಾಣಪತ್ರ ಅಥವಾ ಘಟಿಕೋತ್ಸವ ಪ್ರಮಾಣಪತ್ರ
(4) ವರ್ಗಾವಣೆ ಪತ್ರ ಮತ್ತು ನಡತೆ ಪ್ರಮಾಣಪತ್ರ
(5) ಬೇರೆ ವಿಶ್ವವಿದ್ಯಾನಿಲಯಕ್ಕೆ ಸೇರುವವರು ಮೂಲ ವಿಶ್ವವಿದ್ಯಾನಿಲಯದಿಂದ ಪಡೆದ ವಲಸೆ ಪ್ರಮಾಣಪತ್ರ
(6) ವ್ಯಾಸಂಗ ಪ್ರಮಾಣಪತ್ರಗಳು

ಇವುಗಳ ಪೈಕಿ ಆರನೆಯದು ಹಲವರನ್ನು ಕೊನೆಯ ಗಳಿಗೆಯಲ್ಲಿ ಓಡಾಡಿಸುತ್ತದೆ. ಪಿಜಿಸಿಇಟಿಯಲ್ಲಿ ಕರ್ನಾಟಕದ ಅಭ್ಯರ್ಥಿ ಎಂದು ಪರಿಗಣಿಸಲ್ಪಡಲು ಸಾಮಾನ್ಯವಾಗಿ 1ನೇ ತರಗತಿಯಿಂದ ಅರ್ಹತಾ ಪರೀಕ್ಷೆಯವರೆಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರುವ ಬಗ್ಗೆ ವ್ಯಾಸಂಗ ಪ್ರಮಾಣಪತ್ರ ಬೇಕಾಗುತ್ತದೆ. ಬೇರೆ ಬೇರೆ ಶಾಲೆಗಳಲ್ಲಿ ಓದಿದ್ದರೆ ಪ್ರತಿ ಶಾಲೆಯಿಂದಲೂ ಪಡೆಯಬೇಕು. ಗ್ರಾಮೀಣ ವ್ಯಾಸಂಗ ಅಥವಾ ಕನ್ನಡ ಮಾಧ್ಯಮದ ಮೀಸಲಾತಿ ಅನ್ವಯವಾಗುವ ಕಡೆ, ಅಂತಹ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿರುವುದರಿಂದ ಮಾರ್ಚ್ ಒಳಗೆ ಈ ಕೆಲಸವನ್ನು ಮುಗಿಸುವುದು ಉತ್ತಮ.

ಮುಂಬೈಯಲ್ಲಿ ಕೆಲವು ವರ್ಷ ಓದಿ ಊರಿಗೆ ಮರಳಿದ ಮಕ್ಕಳು ಈ ಭಾಗದಲ್ಲಿ ಸಾಕಷ್ಟಿದ್ದಾರೆ. ರಾಜ್ಯದಲ್ಲಿ 7 ವರ್ಷ ತುಂಬದ ಅಂತಹವರು ಪೋಷಕರ ವ್ಯಾಸಂಗ, ವಾಸ ಮುಂತಾದವುಗಳಿಗೆ ಸಂಬಂಧಿಸಿದ ಇತರ ಅರ್ಹತಾ ಕಂಡಿಕೆಗಳನ್ನು ಮಾಹಿತಿ ಪುಸ್ತಿಕೆಯಲ್ಲಿ ಓದಿ, ತಮಗೆ ಅನ್ವಯಿಸುವುದನ್ನು ಆರಿಸಿಕೊಳ್ಳತಕ್ಕದ್ದು.

ಅಂಕಗಳನ್ನು ಸಿಜಿಪಿಎ ರೂಪದಲ್ಲಿ ನೀಡಿರುವಾಗ ಶೇಕಡಾವಾರಿಗೆ ಪರಿವರ್ತಿಸುವ ಸೂತ್ರವನ್ನು ಅಭ್ಯರ್ಥಿಯು ತಾನೇ ಊಹಿಸತಕ್ಕದ್ದಲ್ಲ. ಅಂಕಪಟ್ಟಿಯ ಹಿಂಬದಿಯಲ್ಲಿರುವ ಅಥವಾ ವಿಶ್ವವಿದ್ಯಾನಿಲಯ ನೀಡುವ ಸೂತ್ರವನ್ನೇ ಬಳಸಬೇಕು.

ಡಿಜಿಲಾಕರ್‌ನಲ್ಲಿ ದೊರೆಯುವ ಅಂಕಪಟ್ಟಿ ಮತ್ತು ಪ್ರಮಾಣಪತ್ರಗಳಿಗೆ ಮೂಲ ದಾಖಲೆಗಳಷ್ಟೇ ಮಾನ್ಯತೆ ಇದೆ. ಮಳೆಗಾಲದಲ್ಲಿ ಕಾಗದಪತ್ರಗಳಿಗೆ ತೇವ, ಗೆದ್ದಲುಗಳ ಭಯವಿರುವ ಕರಾವಳಿಯ ಮನೆಗಳಿಗೆ ಈ ಸೌಲಭ್ಯ ವಿಶೇಷವಾಗಿ ಉಪಯುಕ್ತ.

7. ಅರ್ಜಿ ಭರ್ತಿ ಮಾಡುವ ವಿಧಾನ

ಮಾಹಿತಿ ಪುಸ್ತಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿದ ನಂತರವೇ ಅರ್ಜಿಯನ್ನು ತೆರೆಯತಕ್ಕದ್ದು. ಅಭ್ಯರ್ಥಿಯ ಸ್ವಂತ ಅಥವಾ ಮನೆಯವರ ಮೊಬೈಲ್ ಸಂಖ್ಯೆ ಹಾಗೂ ಇಮೇಲ್ ವಿಳಾಸವನ್ನೇ ನೀಡಬೇಕು. ಸೈಬರ್ ಕೇಂದ್ರದವರ ಸಂಖ್ಯೆಯನ್ನು ನೀಡಿದಲ್ಲಿ, ಸೀಟು ಹಂಚಿಕೆಯ ಸಂದೇಶವೂ ಒಟಿಪಿಯೂ ಅವರಿಗೇ ಹೋಗುತ್ತವೆ. ಬೇರೆಯವರಿಂದ ಅರ್ಜಿ ತುಂಬಿಸಿದರೂ ಸಲ್ಲಿಸುವ ಗುಂಡಿಯನ್ನು ಒತ್ತುವ ಮುನ್ನ ಅಭ್ಯರ್ಥಿಯು ಪ್ರತಿ ಅಂಕಣವನ್ನೂ ಸ್ವತಃ ಓದಿ ನೋಡತಕ್ಕದ್ದು. ತಪ್ಪಿನ ಹೊಣೆ ಅಭ್ಯರ್ಥಿಯದೇ ಆಗಿರುತ್ತದೆ.

ಭಾವಚಿತ್ರ, ಸಹಿ ಹಾಗೂ ದಾಖಲೆಗಳನ್ನು ಪುಸ್ತಿಕೆಯಲ್ಲಿ ತಿಳಿಸಿರುವ ಗಾತ್ರದಲ್ಲಿಯೇ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಬೇಕು. ಮೀಸಲಾತಿಯ ಕೋರಿಕೆಯನ್ನು ಅರ್ಜಿಯಲ್ಲಿಯೇ ಗುರುತಿಸತಕ್ಕದ್ದು. ಗಡುವಿನ ನಂತರ ಅದನ್ನು ಹೊಸದಾಗಿ ಸೇರಿಸಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಶುಲ್ಕ ಪಾವತಿಯಾಗದಿದ್ದಲ್ಲಿ ಅರ್ಜಿ ಸಲ್ಲಿಕೆಯಾದಂತೆ ಆಗುವುದಿಲ್ಲ. ಖಾತೆಯಿಂದ ಹಣ ಕಡಿತವಾಗಿಯೂ ರಸೀದಿ ಬಾರದಿದ್ದರೆ ವಹಿವಾಟಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು ಸಹಾಯವಾಣಿಯನ್ನು ಸಂಪರ್ಕಿಸಬೇಕು. ಕೊನೆಯ ದಿನ ಜಾಲತಾಣದ ದಟ್ಟಣೆಯೂ, ಜೂನ್-ಜುಲೈ ತಿಂಗಳುಗಳಲ್ಲಿ ಗಾಳಿಮಳೆಯಿಂದ ವಿದ್ಯುತ್ ಕಡಿತವೂ ಸಂಭವಿಸುವುದರಿಂದ, ಗಡುವಿಗೆ ಕನಿಷ್ಠ ಒಂದು ವಾರ ಮೊದಲು ಅರ್ಜಿ ಸಲ್ಲಿಸತಕ್ಕದ್ದು. ಸಲ್ಲಿಸಿದ ಅರ್ಜಿ ಮತ್ತು ರಸೀದಿಯ ಎರಡು ಪ್ರತಿಗಳನ್ನು ಮುದ್ರಿಸಿ ಇಟ್ಟುಕೊಳ್ಳಬೇಕು.

8. ಉದ್ದೇಶ ಪತ್ರ ಮತ್ತು ಶಿಫಾರಸು ಪತ್ರ

ಅಂಕಗಳ ಆಧಾರದ ಪ್ರವೇಶಾತಿಗೆ ಇವು ಬೇಕಾಗುವುದಿಲ್ಲ. ಕೆಲವು ಖಾಸಗಿ ಹಾಗೂ ಸಂಶೋಧನಾ ಸಂಸ್ಥೆಗಳು ಮತ್ತು ವಿದೇಶೀ ವಿಶ್ವವಿದ್ಯಾನಿಲಯಗಳು ಇವನ್ನು ಕೇಳುತ್ತವೆ.

ಉದ್ದೇಶ ಪತ್ರದಲ್ಲಿ ಅಭ್ಯರ್ಥಿಯು ಏನನ್ನು ಓದಿದ್ದಾರೆ, ಅದರಲ್ಲಿ ಯಾವ ಭಾಗ ಅವರನ್ನು ಮುಂದಿನ ವ್ಯಾಸಂಗಕ್ಕೆ ಪ್ರೇರೇಪಿಸಿತು, ಈ ವಿಭಾಗವೇ ಏಕೆ ಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿದ್ದರೆ ಸಾಕು. ಬಾಲ್ಯದಿಂದಲೂ ಓದಿನಲ್ಲಿ ಆಸಕ್ತಿ ಎಂಬಂತಹ ಮಾತುಗಳನ್ನು ಎಲ್ಲರೂ ಬರೆಯುತ್ತಾರೆ. ಅದರ ಬದಲು ಪದವಿಯ ಯೋಜನಾ ಕಾರ್ಯಕ್ಕಾಗಿ ಮೀನುಗಾರರ ಸಹಕಾರ ಸಂಘವೊಂದರ ಲೆಕ್ಕಪತ್ರಗಳನ್ನು ನೋಡಿದ್ದಲ್ಲಿ, ಅಲ್ಲಿ ಕಂಡ ಒಂದು ಸಮಸ್ಯೆಯನ್ನು ನಾಲ್ಕು ಸಾಲುಗಳಲ್ಲಿ ಹೇಳಿದರೆ ಓದುವವರಿಗೆ ಅಭ್ಯರ್ಥಿಯ ಪರಿಚಯವಾಗುತ್ತದೆ. ಬೇರೆಯವರ ಪತ್ರವನ್ನು ನಕಲು ಮಾಡಿದರೆ ಅರ್ಜಿಯೇ ತಿರಸ್ಕೃತವಾಗಬಹುದು.

ಶಿಫಾರಸು ಪತ್ರವನ್ನು ಅಭ್ಯರ್ಥಿಯ ಕೆಲಸವನ್ನು ಹತ್ತಿರದಿಂದ ಬಲ್ಲ ಅಧ್ಯಾಪಕರಿಂದ ಪಡೆಯತಕ್ಕದ್ದು. ದೊಡ್ಡ ಹುದ್ದೆಯಲ್ಲಿರುವ, ಆದರೆ ಅಭ್ಯರ್ಥಿಯನ್ನು ಅರಿಯದವರ ಪತ್ರದಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಂಕಪಟ್ಟಿಯ ಪ್ರತಿ, ಸೇರಬಯಸುವ ಕೋರ್ಸ್‌ನ ವಿವರ ಮತ್ತು ಕೊನೆಯ ದಿನಾಂಕಗಳನ್ನು ಕನಿಷ್ಠ ಮೂರು ವಾರ ಮೊದಲೇ ಅಧ್ಯಾಪಕರಿಗೆ ಒದಗಿಸಬೇಕು.

9. ಸಲ್ಲಿಕೆಯ ನಂತರ

ಅರ್ಜಿ ಸಲ್ಲಿಸಿದೊಡನೆ ಕೆಲಸ ಮುಗಿಯುವುದಿಲ್ಲ. ದಾಖಲೆಗಳ ಪರಿಶೀಲನೆ, ಆಯ್ಕೆಗಳ ನಮೂದು, ಅಣಕು ಹಂಚಿಕೆ ಹಾಗೂ ನೈಜ ಹಂಚಿಕೆಗಳ ದಿನಾಂಕಗಳನ್ನು ಜಾಲತಾಣದಲ್ಲಿ ಆಗಾಗ್ಗೆ ನೋಡುತ್ತಿರತಕ್ಕದ್ದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕ್ರಿಯೆಯಲ್ಲಿ ಸೀಟು ಹಂಚಿಕೆಯಾದಾಗ ಸಾಮಾನ್ಯವಾಗಿ ನಾಲ್ಕು ಆಯ್ಕೆಗಳಿರುತ್ತವೆ: ಸೀಟನ್ನು ಒಪ್ಪಿ ಕಾಲೇಜಿಗೆ ಸೇರುವುದು, ಸೀಟನ್ನು ಉಳಿಸಿಕೊಂಡು ಮುಂದಿನ ಸುತ್ತಿನಲ್ಲಿ ಭಾಗವಹಿಸುವುದು, ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪ್ರಕ್ರಿಯೆಯಿಂದಲೇ ಹೊರಬರುವುದು. ಯಾವ ಆಯ್ಕೆಯನ್ನೂ ಗಡುವಿನೊಳಗೆ ಗುರುತಿಸದಿದ್ದಲ್ಲಿ ಹಂಚಿಕೆಯಾದ ಸೀಟು ಕೈತಪ್ಪಬಹುದು. ಆಯ್ಕೆಗಳನ್ನು ನಮೂದಿಸುವಾಗ ದಿನನಿತ್ಯ ಹೋಗಿಬರುವ ದೂರ, ವಿದ್ಯಾರ್ಥಿನಿಲಯದ ಲಭ್ಯತೆ ಮತ್ತು ಶುಲ್ಕವನ್ನು ಮನೆಯವರೊಡನೆ ಕುಳಿತು ಚರ್ಚಿಸುವುದು ಸೂಕ್ತ.

ಮೂಲ ದಾಖಲೆಗಳ ಬಗ್ಗೆ: ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಯಾವುದೇ ಉನ್ನತ ಶಿಕ್ಷಣ ಸಂಸ್ಥೆಯು ವಿದ್ಯಾರ್ಥಿಯ ಮೂಲ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ತನ್ನಲ್ಲಿ ಇರಿಸಿಕೊಳ್ಳುವಂತಿಲ್ಲ, ಪರಿಶೀಲಿಸಿ ಕೂಡಲೇ ಹಿಂದಿರುಗಿಸತಕ್ಕದ್ದು. ಅದೇ ಅಧಿಸೂಚನೆಯಲ್ಲಿ, ಸೇರಿದ ಸೀಟನ್ನು ಬಿಡುವವರಿಗೆ ಶುಲ್ಕ ಮರುಪಾವತಿಯ ಕ್ರಮವನ್ನೂ ನಿಗದಿಪಡಿಸಲಾಗಿದೆ. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ಣ ಶುಲ್ಕ (ಅಲ್ಪ ನಿರ್ವಹಣಾ ವೆಚ್ಚ ಕಳೆದು), 15 ದಿನಗಳಿಗಿಂತ ಕಡಿಮೆ ಮೊದಲು ಬಿಟ್ಟರೆ ಶೇ. 90, ಕೊನೆಯ ದಿನಾಂಕದ ನಂತರ 15 ದಿನಗಳೊಳಗೆ ಶೇ. 80, 16ರಿಂದ 30 ದಿನಗಳೊಳಗೆ ಶೇ. 50 ದೊರೆಯುತ್ತದೆ. 30 ದಿನಗಳು ಕಳೆದ ಮೇಲೆ ಮರುಪಾವತಿ ಇಲ್ಲ. ಆಯೋಗವು ಕೆಲವು ವರ್ಷಗಳಿಗೆ ಇದಕ್ಕಿಂತ ಉದಾರವಾದ ಕ್ರಮವನ್ನು ಪ್ರಕಟಿಸಿರುವುದರಿಂದ ಆಯಾ ವರ್ಷದ ಸುತ್ತೋಲೆಯನ್ನು ನೋಡತಕ್ಕದ್ದು.

10. ಶುಲ್ಕ, ವಿದ್ಯಾರ್ಥಿವೇತನ ಮತ್ತು ಸಾಲ

ರಾಜ್ಯ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮತ್ತು ಶುಲ್ಕ ವಿನಾಯಿತಿಗೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ (ಎಸ್‌ಎಸ್‌ಪಿ) ಮೂಲಕ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು. ಪ್ರವೇಶ ದೊರೆತ ಮಾತ್ರಕ್ಕೆ ವಿದ್ಯಾರ್ಥಿವೇತನ ತಾನಾಗಿ ಬರುವುದಿಲ್ಲ. ಹಣವು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಮಾತ್ರ ಜಮೆಯಾಗುತ್ತದೆ. ಒಂದಕ್ಕಿಂತ ಹೆಚ್ಚು ಖಾತೆಗಳಿದ್ದಲ್ಲಿ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುವುದರಿಂದ, ಆ ಖಾತೆ ಚಾಲ್ತಿಯಲ್ಲಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಬೇಕು.

ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ಶೈಕ್ಷಣಿಕ ನೆರವಿನ ಯೋಜನೆಯಿದ್ದು, ಅದಕ್ಕೆ ತಾಯಿ ಅಥವಾ ತಂದೆಯ ಬೀಡಿ ಕಾರ್ಮಿಕರ ಗುರುತಿನ ಚೀಟಿ ಅಗತ್ಯ. ಉದಾಹರಣೆಯ ವಿದ್ಯಾರ್ಥಿನಿಯು ತಾನು ಸೇರುವ ಕೋರ್ಸ್ ಯೋಜನೆಯ ವ್ಯಾಪ್ತಿಗೆ ಬರುವುದೇ ಎಂದು ಮೊದಲು ತಿಳಿದುಕೊಂಡು, ರಾಜ್ಯದ ವಿದ್ಯಾರ್ಥಿವೇತನ ಮತ್ತು ಇದರ ಪೈಕಿ ತನಗೆ ಹೆಚ್ಚು ಅನುಕೂಲವಾದುದನ್ನು ಆರಿಸಿಕೊಳ್ಳಬೇಕು.

ಶಿಕ್ಷಣ ಸಾಲ ಬಯಸುವವರು 2015ರಲ್ಲಿ ಆರಂಭವಾದ ವಿದ್ಯಾಲಕ್ಷ್ಮಿ ಜಾಲತಾಣದ ಮೂಲಕ ಬ್ಯಾಂಕುಗಳಿಗೆ ಅರ್ಜಿ ಸಲ್ಲಿಸಬಹುದು. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಅನುಮೋದಿಸಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಗುರುತಿಸಲಾದ ಉತ್ತಮ ಗುಣಮಟ್ಟದ ಸಂಸ್ಥೆಗಳಿಗೆ ಸೇರುವ, ವಾರ್ಷಿಕ 8 ಲಕ್ಷ ರೂ.ಗಳವರೆಗಿನ ಆದಾಯದ ಕುಟುಂಬಗಳ ಅರ್ಹ ವಿದ್ಯಾರ್ಥಿಗಳಿಗೆ 10 ಲಕ್ಷ ರೂ.ಗಳವರೆಗಿನ ಸಾಲದ ಮೇಲೆ ಶೇ. 3ರ ಬಡ್ಡಿ ಸಹಾಯಧನಕ್ಕೆ ಅವಕಾಶವಿದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಒಂದಕ್ಕಿಂತ ಹೆಚ್ಚು ಮಾರ್ಗಗಳಲ್ಲಿ ಅರ್ಜಿ ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ಪ್ರತಿಯೊಂದಕ್ಕೂ ಪ್ರತ್ಯೇಕ ಶುಲ್ಕವಿರುವುದರಿಂದ, ನಿಜವಾಗಿ ಸೇರಲು ಸಿದ್ಧವಿರುವ ಎರಡು-ಮೂರು ಮಾರ್ಗಗಳಿಗೆ ಮಿತಿಗೊಳಿಸುವುದು ಒಳ್ಳೆಯದು.

ಪ್ರಶ್ನೆ: ಪದವಿಯಲ್ಲಿ ಒಂದು ವಿಷಯ ಬಾಕಿ ಉಳಿದಿದೆ. ಅರ್ಜಿ ಸಲ್ಲಿಸಬಹುದೇ?
ಉತ್ತರ: ಪ್ರವೇಶ ಪರೀಕ್ಷೆಗೆ ಅರ್ಜಿ ಸಲ್ಲಿಸಲು ಅವಕಾಶವಿರಬಹುದು. ಆದರೆ ಪ್ರವೇಶದ ವೇಳೆಗೆ ಪದವಿಯ ಎಲ್ಲ ವಿಷಯಗಳಲ್ಲಿ ತೇರ್ಗಡೆಯಾಗಿರತಕ್ಕದ್ದು.

ಪ್ರಶ್ನೆ: ಪ್ರಮಾಣಪತ್ರ ಬರುವ ಮೊದಲೇ ಗಡುವು ಮುಗಿಯುವಂತಿದೆ. ಏನು ಮಾಡಬೇಕು?
ಉತ್ತರ: ನಾಡಕಚೇರಿಯ ಸ್ವೀಕೃತಿ ಪತ್ರದೊಂದಿಗೆ ಉಪತಹಸೀಲ್ದಾರರನ್ನು ಭೇಟಿ ಮಾಡಿ, ಪ್ರವೇಶದ ಗಡುವನ್ನು ಲಿಖಿತವಾಗಿ ತಿಳಿಸಬಹುದು. ಮಧ್ಯವರ್ತಿಗಳಿಗೆ ಹಣ ನೀಡತಕ್ಕದ್ದಲ್ಲ.

ಪ್ರಶ್ನೆ: ಮದುವೆಯ ನಂತರ ಆಧಾರ್‌ನಲ್ಲಿ ಹೆಸರು ಬದಲಾಗಿದೆ. ಯಾವ ಹೆಸರನ್ನು ಬರೆಯಬೇಕು?
ಉತ್ತರ: ಪದವಿಯ ಅಂಕಪಟ್ಟಿಗಳಲ್ಲಿರುವ ಹೆಸರನ್ನೇ ಬರೆದು, ವಿವಾಹ ನೋಂದಣಿ ಪ್ರಮಾಣಪತ್ರವನ್ನು ಪರಿಶೀಲನೆಗೆ ಸಿದ್ಧವಾಗಿಟ್ಟುಕೊಳ್ಳಬೇಕು.

12. ವಿಶೇಷ ಸೂಚನೆ

ಅಂತಿಮ ವರ್ಷದ ಆರಂಭದಲ್ಲಿ ಅಭ್ಯರ್ಥಿಯು ತನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ ಮತ್ತು ಬ್ಯಾಂಕ್ ಪಾಸ್‌ಬುಕ್‌ಗಳನ್ನು ಒಂದೆಡೆ ಇಟ್ಟು ಹೋಲಿಸಿ ನೋಡಲು ಒಂದು ಸಂಜೆ ಸಾಕು. ಆಗ ಕಂಡುಬಂದ ವ್ಯತ್ಯಾಸವನ್ನು ಸರಿಪಡಿಸಲು ಹಲವು ತಿಂಗಳುಗಳಿರುತ್ತವೆ. ಪರಿಶೀಲನಾ ಕೇಂದ್ರದ ಸರತಿಯಲ್ಲಿ ನಿಂತಾಗ ಕಂಡುಬಂದ ವ್ಯತ್ಯಾಸಕ್ಕೆ ಒಂದು ದಿನವೂ ಇರುವುದಿಲ್ಲ.

ಈ ಪುಟದ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಆಯಾ ವಿಶ್ವವಿದ್ಯಾನಿಲಯ, ಪ್ರಾಧಿಕಾರ ಹಾಗೂ ಇಲಾಖೆಗಳು ಹೊರಡಿಸುವ ಅಧಿಸೂಚನೆ ಮತ್ತು ಆದೇಶಗಳೇ ಅಂತಿಮವಾಗಿರುತ್ತವೆ.